ಕೂದಲ ಮೇಲಿನ ಹಂಚು

ಅಕ್ಕಂದಿರೇ, ನಿಮ್ಮ ಓಣಿಗೆ ಕೂದಲಿನವನು ಬರುತ್ತಾನೇನು? ನಮ್ಮ ಓಣಿಗೆ ಬರುತ್ತಾನೆ. ಗಾಡಿಯ ಹಿಂದೆ ದೊಡ್ಡ ಬುಟ್ಟಿ. ಬುಟ್ಟಿಯಲ್ಲಿ ಬಟ್ಟಲು, ಸೌಟು, ಪಿನ್ನು, ಬಲೂನು. "ಕೂದ್ಲಾ... ಉದುರಿದ ಕೂದ್ಲಾ..." ಅಂತ ಕೂಗುತ್ತಾನೆ. ಆ ಕೂಗು ಕೇಳಿದರೆ ಸಾಕು, ಗೋಡೆ ಸಂದಿಯಲ್ಲಿ ಸಿಕ್ಕಿಸಿಟ್ಟ ಕೂದಲಿನ ಉಂಡೆಗಳು ಹೊರಗೆ ಬರುತ್ತವೆ.

ಒಂದು ದಿನ ಅವನು ನಮ್ಮ ಪಾಠದ ಹೊತ್ತಿಗೇ ಬಂದ. ನಮ್ಮ ಕಲಿಕಾ ಕೇಂದ್ರ ನಡೆಯುವುದು ಮಧ್ಯಾಹ್ನ, ಊಟ ಮುಗಿದ ಮೇಲೆ. ನಾವು ಬೋರ್ಡಿನ ಮೇಲೆ ಒತ್ತಕ್ಷರ ಬರೆಯುತ್ತಿದ್ದೆವು. ತಿರುಗಿ ನೋಡಿದರೆ ಅರ್ಧ ಕೋಣೆ ಖಾಲಿ! ಸಿಟ್ಟು ಬಂತು. ಏನು ಮಾಡುವುದು? ನಾವೂ ಹೊರಗೆ ಹೋಗಿ ನಿಂತೆವು.

ಒಬ್ಬ ಅಕ್ಕ ಆರು ತಿಂಗಳು ಕೂಡಿಟ್ಟ ಕೂದಲು ಕೊಟ್ಟರು. ಒಂದು ಸ್ಟೀಲ್ ಬಟ್ಟಲು ಸಿಕ್ಕಿತು. ಪಕ್ಕದ ಮನೆಯ ಹುಡುಗಿ ಕತ್ತರಿಸಿದ ಜಡೆ ತಂದಳು. ಅದೂ ಹೆಚ್ಚು ಕಡಿಮೆ ಅಷ್ಟೇ ತೂಕ. ಅದಕ್ಕೆ ಅವನು ನೋಟು ಎಣಿಸಿ ಕೊಟ್ಟ.

"ಅಕ್ಕೋರ, ಇದೂ ಕೂದ್ಲ, ಅದೂ ಕೂದ್ಲ. ಅದಕ್ಕ ನೋಟು, ಇದಕ್ಕ ಬಟ್ಟಲ. ಯಾಕ್ರಿ?" ಅಂತ ಅಕ್ಕ ಕೇಳಿದರು.

ನಾವು ಸುಮ್ಮನೆ ನಿಂತೆವು. ನಮಗೆ ಗೊತ್ತಿರಲಿಲ್ಲ.

ಕೇಂದ್ರದ ಅಜ್ಜಿ ತಾವೇ ಉತ್ತರ ಕೊಟ್ಟರು. "ಉದುರಿದ್ದು ಸತ್ತ ಕೂದ್ಲ. ಕತ್ತರಿಸಿದ್ದು ಜೀವ ಇರೋ ಕೂದ್ಲ. ಅದಕ್ಕ." ಎಲ್ಲರೂ ಹೌದು ಹೌದು ಅಂದರು.

ನಾವು ಶಿಕ್ಷಕರ ತರಬೇತಿಯಲ್ಲಿ ವಿಜ್ಞಾನ ಓದಿದವರು. ಅಜ್ಜಿಯ ಮಾತು ಪೂರ್ತಿ ಸರಿಯಲ್ಲ ಅಂತ ಅಷ್ಟು ಮಾತ್ರ ಗೊತ್ತಿತ್ತು. ಮನೆಗೆ ಹೋಗಿ ಪುಸ್ತಕ ತೆಗೆದೆವು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆವು. ಕೂದಲಿನ ಕೆಲಸ ಮಾಡುವ ಅಕ್ಕನನ್ನೂ ಕೇಳಿದೆವು. ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಬೇರಿಗೆ ಜೀವ, ಎಳೆಗೆ ಇಲ್ಲ

ಕೂದಲು ಕತ್ತರಿಸಿದರೆ ನೋಯುತ್ತದೆಯೇ? ಇಲ್ಲ. ಕಿತ್ತರೆ? ಜೀವ ಹೋದಂಗ ಆಗುತ್ತದೆ. ಯಾಕೆ?

ಜೀವ ಇರುವುದು ಚರ್ಮದ ಒಳಗೆ. ಅಲ್ಲಿ ಒಂದೊಂದು ಕೂದಲಿಗೂ ಒಂದೊಂದು ಸಣ್ಣ ಕುಳಿ ಇದೆ. ಕುಳಿಯ ತಳದಲ್ಲಿ ಉಳ್ಳಾಗಡ್ಡಿಯಂಥ ಒಂದು ಗಡ್ಡೆ. ಅದಕ್ಕೆ ರಕ್ತ ಬರುತ್ತದೆ. ರಕ್ತದಿಂದ ಆಹಾರ ಬರುತ್ತದೆ. ಆ ಗಡ್ಡೆಯಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹೊಸವು ಹಳೆಯವನ್ನು ಮೇಲೆ ದೂಡುತ್ತವೆ. ಮೇಲೆ ಬರುತ್ತ ಬರುತ್ತ ಅವು ಗಟ್ಟಿಯಾಗಿ ಸಾಯುತ್ತವೆ. ಚರ್ಮದಿಂದ ಹೊರಗೆ ಕಾಣುವ ಎಳೆಯಲ್ಲಿ ಜೀವ ಇಲ್ಲ. ರಕ್ತ ಇಲ್ಲ. ನರವೂ ಇಲ್ಲ.

ಹಾಗಾದರೆ ಅಜ್ಜಿ ಹೇಳಿದ್ದು ಅರ್ಧ ಸರಿ. ಉದುರಿದ ಕೂದಲು ಸತ್ತದ್ದೇ. ಆದರೆ ಜಡೆಯೂ ಸತ್ತದ್ದೇ. ನಮ್ಮ ತಲೆಯ ಮೇಲೆ ಈಗ ಇರುವ ಕೂದಲೂ ಹಾಗೇ.

"ಅಯ್ಯ, ಸತ್ತದ್ದನ್ನ ಹೊತ್ತಗೊಂಡು ತಿರಗಾಕತ್ತೀವೇನು!" ಅಂತ ಅಜ್ಜಿ ನಕ್ಕರು.

ಕೂದಲು ಆಗಿರುವುದು ಕೆರಾಟಿನ್ ಎಂಬ ಪದಾರ್ಥದಿಂದ. ಕೆರಾಟಿನ್ ಅಂದರೆ ಒಂದು ಬಗೆಯ ಪ್ರೋಟೀನು. ನಮ್ಮ ಉಗುರು ಅದರಿಂದಲೇ ಆಗಿದೆ. ಎತ್ತಿನ ಕೊಂಬಿನ ಮೇಲ್ಪದರ, ಗೊರಸು ಕೂಡ ಅದರಿಂದಲೇ. ಲಾಳ ಕಟ್ಟುವಾಗ ಎತ್ತಿಗೆ ಗೊರಸಿನ ಅಂಚು ಕೊರೆದರೂ ನೋಯುವುದಿಲ್ಲ, ನೋಡಿದ್ದೀರಲ್ಲ? ಕೂದಲು ಒಲೆಗೆ ಬಿದ್ದರೆ ಕೆಟ್ಟ ವಾಸನೆ ಬರುತ್ತದೆ. ಕೊಂಬು ಸುಟ್ಟರೂ ಅದೇ ವಾಸನೆ. ಕೆರಾಟಿನ್ನಿನಲ್ಲಿ ಗಂಧಕ ಇದೆ. ಅದರಿಂದ ಆ ವಾಸನೆ.

ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಎಳೆ ಇವೆ. ಒಂದೊಂದು ಎಳೆಯೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ.

ಇದನ್ನು ಹೇಳಿದ ದಿನ ನಾವು ಟೇಪು ತರಿಸಿದೆವು. ಹೊಲಿಗೆ ಕೆಲಸದ ಅಕ್ಕನ ಟೇಪು. ಒಬ್ಬೊಬ್ಬರ ಜಡೆ ಬಿಚ್ಚಿ ಅಳೆದೆವು. ಸೆಂಟಿಮೀಟರ್ ಬರೆದುಕೊಂಡು 12ರಿಂದ ಭಾಗಿಸಿದೆವು. ಭಾಗಾಕಾರ ಅಂದರೆ ಓಡಿಹೋಗುವವರೂ ಅಂದು ಕೂತು ಲೆಕ್ಕ ಮಾಡಿದರು. ಒಬ್ಬ ತಂಗಿಯ ಕೂದಲು 60 ಸೆಂಟಿಮೀಟರ್ ಇತ್ತು. 60 ತಿಂಗಳು ಅಂದರೆ 5 ವರ್ಷ. ಅವಳ ಮಗಳಿಗೂ 5 ವರ್ಷ. ಮಗಳು ಹುಟ್ಟಿದಾಗ ಚರ್ಮದಿಂದ ಹೊರಗೆ ಬಂದ ಕೂದಲು ಈಗ ಜಡೆಯ ತುದಿಯಲ್ಲಿದೆ! ಐದು ವರ್ಷದ ಬಿಸಿಲು, ಧೂಳು, ಬಾಚಣಿಗೆ ಎಲ್ಲವನ್ನೂ ಆ ತುದಿ ಕಂಡಿದೆ. ತುದಿ ಸೀಳುವುದರಲ್ಲಿ ಏನು ಆಶ್ಚರ್ಯ?

ಮೀನಿನ ಹುರುಪೆ, ಮನೆಯ ಹಂಚು

ಒಂದು ಕೂದಲು ಎಷ್ಟು ದಪ್ಪ? ಹತ್ತರಿಂದ ಇಪ್ಪತ್ತು ಎಳೆ ಪಕ್ಕ ಪಕ್ಕ ಇಟ್ಟರೆ 1 ಮಿಲಿಮೀಟರ್ ಆಗುತ್ತದೆ. ಅಷ್ಟು ಸಣ್ಣ. ಅಷ್ಟು ಸಣ್ಣದರಲ್ಲೂ ಒಳಗೊಂದು ಹೊರಗೊಂದು ಪದರ ಇದೆ.

ಹೊರಗಿನ ಪದರ ಮನೆಯ ಹಂಚಿನ ಹಾಗೆ. ಮಂಗಳೂರು ಹಂಚು ಹೊದಿಸುವುದನ್ನು ನೋಡಿದ್ದೀರಲ್ಲ? ಒಂದರ ಮೇಲೆ ಒಂದು ಅರ್ಧ ಹತ್ತಿ ಕೂರುತ್ತದೆ. ಮೇಲಿನ ಹಂಚಿನ ಅಂಚು ಕೆಳಗಿನದರ ಮೇಲೆ ಬರುತ್ತದೆ. ಮಳೆ ನೀರು ಜಾರಿ ಹೋಗುತ್ತದೆ. ಕೂದಲಿನ ಮೇಲೂ ಹೀಗೇ ತೆಳ್ಳನೆಯ ಬಿಲ್ಲೆಗಳಿವೆ. ಮೀನಿನ ಹುರುಪೆ ಅಂದರೂ ಸರಿ. ಐದರಿಂದ ಹತ್ತು ಪದರ ಒಂದರ ಮೇಲೊಂದು ಇರುತ್ತವೆ. ಅವುಗಳ ಅಂಚು ಯಾವಾಗಲೂ ತುದಿಯ ಕಡೆಗೆ ಇರುತ್ತದೆ. ಬುಡದ ಕಡೆಗೆ ಇರುವುದಿಲ್ಲ.

ಕಣ್ಣಿಗೆ ಕಾಣುವುದಿಲ್ಲ. ಆದರೆ ಬೆರಳಿಗೆ ತಿಳಿಯುತ್ತದೆ. ಈಗಲೇ ಮಾಡಿ ನೋಡಿ.

ಬಾಚಣಿಗೆಯಲ್ಲಿ ಬಂದ ಉದ್ದನೆಯ ಒಂದು ಎಳೆ ತೆಗೆದುಕೊಳ್ಳಿ. ಒಂದು ಕೊನೆಗೆ ಬಿಳಿ ಚುಕ್ಕಿ ಕಾಣುತ್ತದೆಯೇ? ಅದು ಬುಡ. ಬುಡವನ್ನು ಎಡಗೈಯಲ್ಲಿ ಹಿಡಿಯಿರಿ. ಬಲಗೈಯ ಎರಡು ಬೆರಳಿನಿಂದ ಬುಡದಿಂದ ತುದಿಗೆ ಸವರಿ. ನುಣ್ಣಗಿದೆ. ಈಗ ತುದಿಯಿಂದ ಬುಡಕ್ಕೆ ಸವರಿ. ತಡೆ ತಡೆದು ಬರುತ್ತದೆ. ಹಂಚಿನ ಅಂಚು ಬೆರಳಿಗೆ ತಾಗುತ್ತಿದೆ.

ಇನ್ನೊಂದು ಆಟ. ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉದ್ದಕ್ಕೆ ಇಟ್ಟು ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಎಳೆ ತಾನೇ ಒಂದು ಕಡೆಗೆ ನಡೆಯುತ್ತದೆ. ಯಾವ ಕಡೆಗೆ? ಬುಡದ ಕಡೆಗೆ. ಬುಡ ಮುಂದೆ, ತುದಿ ಹಿಂದೆ. ಎಷ್ಟು ಸಲ ಮಾಡಿದರೂ ಹಾಗೇ. ನಮ್ಮ ಕೇಂದ್ರದಲ್ಲಿ ಇದನ್ನು ಮಾಡುವಾಗ ಅಜ್ಜಿ ತಮ್ಮ ಬಿಳಿ ಕೂದಲು, ಮೊಮ್ಮಗಳ ಕರಿ ಕೂದಲು ಎರಡನ್ನೂ ಉಜ್ಜಿ ನೋಡಿದರು. ಎರಡೂ ನಡೆದವು.

ಬಟ್ಟಲಿನ ಪ್ರಶ್ನೆಗೆ ಉತ್ತರ

ಕೊಪ್ಪಳದ ಪಕ್ಕ ಭಾಗ್ಯನಗರ ಇದೆ. ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ಬೇರೆ ಬೇರೆ ಕಡೆಯಿಂದ ಉದುರಿದ ಕೂದಲಿನ ಮೂಟೆಗಳು ಅಲ್ಲಿಗೆ ಬರುತ್ತವೆ. ಹೆಣ್ಣುಮಕ್ಕಳು ಕೂತು ಅದರ ಸಿಕ್ಕು ಬಿಡಿಸುತ್ತಾರೆ. ತೊಳೆದು, ಉದ್ದ ನೋಡಿ, ಕಟ್ಟು ಕಟ್ಟಿದ ಮೇಲೆ ಅದು ಹೊರದೇಶಕ್ಕೂ ಹೋಗುತ್ತದೆ. ಅಲ್ಲಿ ಅದರಿಂದ ಟೋಪನ್, ಚೌರಿ ಮಾಡುತ್ತಾರೆ.

ನಮ್ಮ ಕೇಂದ್ರದ ಒಬ್ಬ ಅಕ್ಕ ಆ ಕೆಲಸ ಮಾಡಿದವರು. ಅವರು ಹೇಳಿದ್ದು ಇದು.

"ಜಡೆ ಕತ್ತರಿಸಿದರ ಎಲ್ಲಾ ಎಳಿ ಬುಡ ಒಂದ ಕಡೆ, ತುದಿ ಒಂದ ಕಡೆ ಇರತಾವ. ಕಟ್ಟಿದರ ಹಂಗ ಕೂಡತಾವ. ಉದುರಿದ ಕೂದ್ಲ ಹಂಗಲ್ರಿ. ಒಂದರ ಬುಡ ಇತ್ತಾಗ, ಒಂದರ ಬುಡ ಅತ್ತಾಗ. ಎಷ್ಟ ಬಾಚಿದರೂ ಮತ್ತ ಸಿಕ್ಕಾಗತಾವ."

ಯಾಕೆ ಸಿಕ್ಕಾಗುತ್ತದೆ? ಈಗ ನಿಮಗೇ ಗೊತ್ತು. ಎರಡು ಎಳೆಯ ಹಂಚು ಒಂದೇ ಕಡೆಗೆ ಇದ್ದರೆ ಒಂದರ ಮೇಲೊಂದು ಜಾರುತ್ತವೆ. ಎದುರು ಬದುರಾದರೆ ಅಂಚಿಗೆ ಅಂಚು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಉದುರಿದ ಕೂದಲಿಗೆ ಕೆಲಸ ಹೆಚ್ಚು. ಒಂದೋ ಬುಡ ಯಾವುದು ತುದಿ ಯಾವುದು ಎಂದು ನೋಡಿ ಜೋಡಿಸಬೇಕು. ಇಲ್ಲವೇ ಆಮ್ಲದಲ್ಲಿ ಅದ್ದಿ ಹಂಚನ್ನೇ ತೆಗೆಯಬೇಕು. ಹಂಚು ತೆಗೆದ ಕೂದಲಿಗೆ ಸಿಲಿಕೋನ್ ಎಂಬ ಲೇಪ ಹಚ್ಚುತ್ತಾರೆ. ಅಂಗಡಿಯಲ್ಲಿ ಮಿಂಚುತ್ತದೆ. ಕೆಲವು ಸಲ ತೊಳೆದ ಮೇಲೆ ಲೇಪ ಹೋಗುತ್ತದೆ. ಆಮೇಲೆ ಪುಂಡಿ ನಾರೇ ಗತಿ.

ಜಡೆಗೆ ನೋಟು, ಉಂಡೆಗೆ ಬಟ್ಟಲು ಸಿಗುವುದು ಇದಕ್ಕೆ. ಉದ್ದಕ್ಕೂ ಬೆಲೆ ಇದೆ, ಅದು ಬೇರೆ ಮಾತು. ತಿರುಪತಿಯಲ್ಲಿ ಕೊಟ್ಟ ಮುಡಿಯ ಉದ್ದ ಕೂದಲು ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಗುವುದು ಈ ಕಾರಣಕ್ಕೇ.

ಸಿಕ್ಕು ಬಿಡಿಸುವ ಅಕ್ಕನಿಗೆ ಈ ವಿದ್ಯೆ ಕೈಯಲ್ಲೇ ಇತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಬೆರಳಲ್ಲಿ ಉಜ್ಜಿ ಬುಡ ಕಂಡುಹಿಡಿಯುವುದನ್ನು ನಮಗೆ ತೋರಿಸಿಕೊಟ್ಟವರೇ ಅವರು. ಆ ಕೆಲಸದಲ್ಲಿ ಕತ್ತು ನೋವು, ಕಣ್ಣುರಿ, ಮೂಗಿಗೆ ಧೂಳು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರಿ ಅಂತ ನಾವು ಹೇಳುತ್ತೇವೆ. ಸೆಕೆಯಲ್ಲಿ ಕಟ್ಟಿಕೊಳ್ಳುವುದು ಕಷ್ಟ ಅನ್ನುತ್ತಾರೆ. ಅದೂ ನಿಜ.

ಒಳಗೆ ಹಗ್ಗ

ಹಂಚಿನ ಒಳಗೆ ಏನಿದೆ? ಹಗ್ಗ ಇದೆ. ಪುಂಡಿ ನಾರನ್ನು ಹೊಸೆದು ಎಳೆ ಮಾಡುತ್ತೇವೆ. ಎಳೆ ಕೂಡಿಸಿ ಹುರಿ, ಹುರಿ ಕೂಡಿಸಿ ಹಗ್ಗ. ಕೂದಲಿನ ಒಳಗೂ ಕೆರಾಟಿನ್ನಿನ ಸಣ್ಣ ಸಣ್ಣ ನಾರುಗಳು ಹೀಗೇ ಹೊಸೆದು ಕೂತಿವೆ. ಕೂದಲಿನ ಬಲ ಎಲ್ಲ ಇದರಲ್ಲಿದೆ. ಕಪ್ಪು ಬಣ್ಣವೂ ಇದರಲ್ಲೇ ಇದೆ. ಕೆಲವು ದಪ್ಪ ಎಳೆಗಳಿಗೆ ನಟ್ಟ ನಡುವೆ ಮೆತ್ತನೆಯ ತಿರುಳು ಕೂಡ ಇರುತ್ತದೆ.

ಒಂದು ಒಳ್ಳೆಯ ಎಳೆ ಸುಮಾರು 100 ಗ್ರಾಂ ತೂಕ ತಡೆಯುತ್ತದೆ. ಎರಡು ಕೋಳಿ ಮೊಟ್ಟೆಯ ತೂಕ. ಹಾಗಾದರೆ 1 ಲಕ್ಷ ಎಳೆ? ಲೆಕ್ಕ ಹಾಕಿ. 100 ಕ್ವಿಂಟಲ್! ಲೆಕ್ಕಕ್ಕೆ ಮಾತ್ರ, ತಲೆಯ ಚರ್ಮ ಅಷ್ಟು ತಡೆಯುವುದಿಲ್ಲ.

ಆದರೆ ಈ ಹಗ್ಗಕ್ಕೆ ನೀರು ಕುಡಿಯುವ ಗುಣ ಇದೆ. ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರು ಕುಡಿಯುತ್ತದೆ. ಕುಡಿದು ದಪ್ಪ ಆಗುತ್ತದೆ. ದಪ್ಪ ಆದಾಗ ಮೇಲಿನ ಹಂಚು ಎದ್ದು ನಿಲ್ಲುತ್ತದೆ. ಒಣ ಎಳೆ ಒಂದನ್ನು, ಒದ್ದೆ ಎಳೆ ಒಂದನ್ನು ಮೆಲ್ಲಗೆ ಎಳೆದು ನೋಡಿ. ಒದ್ದೆಯದು ಹೆಚ್ಚು ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ ಕೊನೆಗೆ ಹರಿಯುತ್ತದೆ. ಹಂಚು ಎದ್ದಿದೆ, ಒಳಗೆ ಸಡಿಲವಾಗಿದೆ. ಆ ಹೊತ್ತಿನಲ್ಲಿ ಸಣ್ಣ ಹಲ್ಲಿನ ಹಣಿಗೆ ಹಾಕಿ ಜಗ್ಗಿದರೆ ಏನಾಗುತ್ತದೆ? ಶಾಲೆಗೆ ಹೊತ್ತಾಯಿತು ಅಂತ ಮಗಳ ಒದ್ದೆ ಜಡೆಯನ್ನು ದರದರ ಬಾಚುತ್ತೇವಲ್ಲ, ಅಲ್ಲೇ ಕೂದಲು ಹಾಳಾಗುವುದು. ಮೊದಲು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಬೆರಳಿಂದ ಬಿಡಿಸಿ. ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆ. ತುದಿಯ ಸಿಕ್ಕು ಮೊದಲು, ಬುಡದ್ದು ಕೊನೆಗೆ.

ಗಾಳಿಯ ತೇವಕ್ಕೂ ಕೂದಲು ಹಿಗ್ಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಕೂದಲು ಎದ್ದು ಹರಡಿಕೊಳ್ಳುತ್ತದೆ. ಜಿನೀವಾ ಎಂಬ ಊರಿನ ಸೊಸ್ಯೂರ್ ಎಂಬ ವಿಜ್ಞಾನಿ 1783ರಲ್ಲಿ ಇದನ್ನೇ ಹಿಡಿದು ಗಾಳಿಯ ತೇವ ಅಳೆಯುವ ಯಂತ್ರದ ಬಗ್ಗೆ ಬರೆದ. ಯಂತ್ರದಲ್ಲಿ ಇದ್ದದ್ದು ಮನುಷ್ಯರ ಕೂದಲು. ತೇವ ಹೆಚ್ಚಾದರೆ ಕೂದಲು ಉದ್ದ ಆಗುತ್ತದೆ, ಮುಳ್ಳು ತಿರುಗುತ್ತದೆ. ಇದನ್ನು ಕೇಳಿ ನಮ್ಮ ಅಕ್ಕಂದಿರು ಬಹಳ ಹೊತ್ತು ನಕ್ಕರು.

ಎಣ್ಣೆ, ಸೀಗೆಕಾಯಿ, ಶಾಂಪೂ

ಎಣ್ಣೆ ಏನು ಮಾಡುತ್ತದೆ? ಬಹಳ ಎಣ್ಣೆಗಳು ಹಂಚಿನ ಮೇಲೆ ಕೂತು ಜಾರುವಂತೆ ಮಾಡುತ್ತವೆ. ಅದೂ ಒಳ್ಳೆಯದೇ. ಸಿಕ್ಕು ಕಡಿಮೆ ಆಗುತ್ತದೆ. ಕೊಬ್ಬರಿ ಎಣ್ಣೆ ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಇಬ್ಬರು ವಿಜ್ಞಾನಿಗಳು ಮೂರು ಎಣ್ಣೆ ಹಚ್ಚಿ ನೋಡಿದರು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನು ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಆ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲಿ. ಅದನ್ನೂ ನೀವು ತಿಳಿದಿರಬೇಕು. ಆದರೂ ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಅವ್ವಂದಿರ ರೂಢಿ ತಪ್ಪಲ್ಲ ಅಂತ ನಮಗೆ ಅನಿಸುತ್ತದೆ.

ಬಾಟಲಿಯ ಮೇಲೆ ತೆಂಗಿನಕಾಯಿ ಚಿತ್ರ ಇದ್ದರೆ ಸಾಲದು. ಹಿಂದೆ ತಿರುಗಿಸಿ ಓದಿ. 'ಲಿಕ್ವಿಡ್ ಪ್ಯಾರಾಫಿನ್' ಅಥವಾ 'ಮಿನರಲ್ ಆಯಿಲ್' ಅಂತ ಬರೆದಿದ್ದರೆ ಅದು ಖನಿಜ ಎಣ್ಣೆ. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಬಟ್ಟೆ ಸೋಪು ತಲೆಗೆ ಬೇಡ. ಸೋಪಿಗೆ ಕ್ಷಾರದ ಗುಣ ಇದೆ. ಕ್ಷಾರಕ್ಕೆ ಕೂದಲು ಊದಿ ಹಂಚು ಏಳುತ್ತದೆ. ನಮ್ಮ ಕಡೆ ಬೋರಿನ ನೀರು ಗಡುಸು. ಗಡುಸು ನೀರಿನಲ್ಲಿ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬಿಳಿ ಕಿಟ್ಟ ಆಗುತ್ತದೆ. ಆ ಕಿಟ್ಟ ಕೂದಲಿಗೆ ಅಂಟುತ್ತದೆ. ಸೀಗೆಕಾಯಿಗೆ ತುಸು ಹುಳಿ ಗುಣ. ಶಾಂಪೂ ಕೂಡ ಗಡುಸು ನೀರಿನಲ್ಲಿ ಕಿಟ್ಟ ಮಾಡುವುದಿಲ್ಲ. ಯಾವುದು ನಿಮ್ಮ ಕೈಗೆ ಎಟುಕುತ್ತದೋ ಅದು. ದುಬಾರಿ ಶಾಂಪೂ ಕೂದಲಿಗೆ ಜೀವ ಕೊಡುತ್ತದೆ ಅಂತ ಟಿ.ವಿ.ಯಲ್ಲಿ ಹೇಳಿದರೆ ಮಾತ್ರ ನಂಬಬೇಡಿ. ಸತ್ತ ಎಳೆಗೆ ಯಾರು ಜೀವ ಕೊಡುತ್ತಾರೆ?

ಜಾತ್ರೆಯ ಬಾಟಲಿ

ನಮ್ಮ ಕೇಂದ್ರದ ಒಬ್ಬ ತಂಗಿ ಹೆರಿಗೆ ಆಗಿ ಮೂರು ತಿಂಗಳಿಗೆ ಮುಷ್ಟಿ ಮುಷ್ಟಿ ಕೂದಲು ಉದುರಿಸಿಕೊಂಡಳು. ಹೆದರಿದಳು. ಸಂಘದಲ್ಲಿ ಸಾಲ ತೆಗೆದಳು. ಜಾತ್ರೆಯಲ್ಲಿ ಒಬ್ಬನ ಹತ್ತಿರ ಕೂದಲು ಬೆಳೆಸುವ ಎಣ್ಣೆ ಕೊಂಡಳು. ಎರಡು ಬಾಟಲಿ. ಬಾಟಲಿಯ ಮೇಲೆ ನೆಲ ಮುಟ್ಟುವ ಜಡೆಯ ಹೆಂಗಸಿನ ಚಿತ್ರ.

ನಾಲ್ಕು ತಿಂಗಳಿಗೆ ಉದುರುವುದು ನಿಂತಿತು. "ಎಣ್ಣಿ ಕೆಲಸ ಮಾಡ್ತು ನೋಡ್ರಿ" ಅಂದಳು. ನಮಗೆ ಅವಳಿಗೆ ಹೇಳುವುದು ಕಷ್ಟವಾಯಿತು. ಹೇಳಿದೆವು.

ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿರುತ್ತದೆ. ಕೊನೆಗೆ ಉದುರುತ್ತದೆ. ಅದೇ ಕುಳಿಯಲ್ಲಿ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ. ಬಸುರಿ ಇದ್ದಾಗ ಉದುರುವುದು ಕಡಿಮೆ. ಹೆರಿಗೆ ಆದ ಮೇಲೆ ತಡೆದು ನಿಂತವೆಲ್ಲ ಒಟ್ಟಿಗೆ ಉದುರುತ್ತವೆ. ಕೆಲವು ತಿಂಗಳಿಗೆ ತಾನೇ ನಿಲ್ಲುತ್ತದೆ. ಜೋರು ಜ್ವರ ಬಂದು ಹೋದರೂ ಎರಡು ಮೂರು ತಿಂಗಳ ಮೇಲೆ ಹೀಗೇ ಆಗುತ್ತದೆ. 2020, 2021ರಲ್ಲಿ ಕೊರೋನಾ ಬಂದು ಗುಣವಾದ ಬಹಳ ಜನರಿಗೆ ಹೀಗೆ ಕೂದಲು ಉದುರಿತ್ತು.

ಅಂದರೆ ತಂಗಿಯ ಕೂದಲು ಎಣ್ಣೆ ಹಚ್ಚದಿದ್ದರೂ ನಿಲ್ಲುತ್ತಿತ್ತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಾಟಲಿ ತರಿಸಿ ಎಲ್ಲರೂ ಓದಿದೆವು. ಮಾಡಿದವರ ಹೆಸರು ಇಲ್ಲ. ವಿಳಾಸ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ. ತಾರೀಖು ಇಲ್ಲ. ನಮ್ಮ ದೇಶದ ಕಾನೂನಿನಂತೆ ಇವು ಇರಬೇಕು. ಸಾಲದ ಕಂತು ಇನ್ನೂ ಇತ್ತು.

ಬಹಳ ದಿನ ಉದುರುತ್ತಿದ್ದರೆ, ಸುಸ್ತೂ ಇದ್ದರೆ, ಅದು ರಕ್ತಹೀನತೆ ಇರಬಹುದು. ಥೈರಾಯ್ಡ್ ತೊಂದರೆ ಇರಬಹುದು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಆಶಾ ಅಕ್ಕ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಡಬ್ಬಿಯಲ್ಲಿ ಇಡಬೇಡಿ, ನುಂಗಿ. ಚಹದ ಜೊತೆ ಬೇಡ. ಗಡ್ಡೆಗೆ ಆಹಾರ ಬರುವುದು ರಕ್ತದಿಂದ ಅಂತ ಮೊದಲೇ ಓದಿದೆವಲ್ಲ? ಹೆಸರುಕಾಳು, ಶೇಂಗಾ, ಮೊಟ್ಟೆ, ನುಗ್ಗೆಸೊಪ್ಪು ಹೊಟ್ಟೆಗೆ ಹೋಗಲಿ. ಮನೆಯಲ್ಲಿ ಕೊನೆಗೆ ಉಣ್ಣುವವರು ನಾವೇ, ಅದೇ ತೊಂದರೆ.

ಇನ್ನೊಂದು ಮಾತು. ಜವಳ ತೆಗೆಸಿದರೆ ಮಗುವಿನ ಕೂದಲು ದಪ್ಪ ಬರುತ್ತದೆ ಅನ್ನುತ್ತಾರೆ. ಕತ್ತಿ ಗಡ್ಡೆಯನ್ನು ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಚೂಪಾಗಿರದೆ ಮೊಂಡಾಗಿರುತ್ತದೆ. ಅದಕ್ಕೇ ಕೈಗೆ ದಪ್ಪ ಅನಿಸುತ್ತದೆ. ಜವಳ ದೇವರಿಗಾಗಿ ತೆಗೆಸಿ, ದಪ್ಪಕ್ಕಾಗಿ ಬೇಡ.

ಕರಿ ಬಣ್ಣದ ಚೀಟಿ

ಕೂದಲಿನ ಬಣ್ಣ ಬರುವುದೂ ಬೇರಿನಲ್ಲೇ. ಅಲ್ಲಿ ಬಣ್ಣ ಮಾಡುವ ಕೋಶಗಳು ಇವೆ. ಅವು ಕೆಲಸ ನಿಲ್ಲಿಸಿದರೆ ಎಳೆ ಬಿಳಿ ಬರುತ್ತದೆ. ಒಂದು ಬಿಳಿ ಕಿತ್ತರೆ ಹತ್ತು ಬರುತ್ತದೆ ಅನ್ನುವುದು ಸುಳ್ಳು. ಹಾಗೆಯೇ, ಎಣ್ಣೆ ಹಚ್ಚಿ ಬಿಳಿಯನ್ನು ಕರಿ ಮಾಡಲು ಆಗುವುದಿಲ್ಲ. ಕರಿ ಆಗಬೇಕಾದರೆ ಬಣ್ಣವನ್ನೇ ಹಚ್ಚಬೇಕು.

ಆ ಬಣ್ಣದಿಂದ ನಮ್ಮ ಕೇಂದ್ರದ ಅಜ್ಜಿಗೆ ಏನಾಯಿತು, ಕೇಳಿ. ಇದನ್ನು ಬರೆಯಲು ಅಜ್ಜಿಯೇ ಒಪ್ಪಿದ್ದಾರೆ.

ಅವರ ಮಗಳ ಮದುವೆ. ಹಿಂದಿನ ಸಂಜೆ ಯಾರೋ ಅಂಗಡಿಯಿಂದ ಬಣ್ಣದ ಚೀಟಿ ತಂದುಕೊಟ್ಟರು. ಕಲಸಿದರು, ಹಚ್ಚಿದರು. ರಾತ್ರಿ ತಲೆ ತುರಿಸಿತು. ಬೆಳಿಗ್ಗೆ ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ಕಿವಿಯಿಂದ ನೀರು ಸೋರುತ್ತಿತ್ತು. ಮಂಟಪದಲ್ಲಿ ಅಕ್ಕಿಕಾಳು ಬೀಳುವಾಗ ಅವ್ವ ಆಸ್ಪತ್ರೆಯ ಮಂಚದ ಮೇಲೆ ಇದ್ದರು. ಒಂದು ವಾರಕ್ಕೆ ಗುಣವಾಯಿತು. ಮಗಳ ಮದುವೆಯನ್ನು ಅವರು ಫೋಟೋದಲ್ಲಿ ನೋಡಿದರು.

ಯಾಕೆ ಹೀಗಾಯಿತು? ಬಹಳ ಕರಿ ಬಣ್ಣಗಳಲ್ಲಿ 'ಪಿಪಿಡಿ' ಎಂಬ ರಾಸಾಯನಿಕ ಇರುತ್ತದೆ. ಪೂರ್ತಿ ಹೆಸರು ಪ್ಯಾರಾ ಫಿನಿಲೀನ್ ಡೈಅಮೀನ್. ಓದಲು ಕಷ್ಟ, ಎರಡು ಸಲ ಓದಿ. ಇದು ಹಂಚಿನ ಸಂದಿಯಿಂದ ಒಳಗೆ ಹೋಗುತ್ತದೆ. ಒಳಗೆ ಹೋದ ಮೇಲೆ ಬಣ್ಣವಾಗಿ ದಪ್ಪ ಆಗುತ್ತದೆ. ಹೊರಗೆ ಬರಲಾರದು. ತೊಳೆದರೂ ಹೋಗದಿರುವುದು ಇದಕ್ಕೆ. ಎಲ್ಲರಿಗೂ ಇದು ತೊಂದರೆ ಮಾಡುವುದಿಲ್ಲ. ಕೆಲವರ ಮೈಗೆ ಆಗಿಬರುವುದಿಲ್ಲ. ಮೊದಲ ಸಲ ಏನೂ ಆಗದೆ ಎಷ್ಟೋ ಸಲದ ಮೇಲೆ ಆಗಲೂಬಹುದು. ಒಮ್ಮೆ ಆಗಿಬರದಿದ್ದರೆ ಮತ್ತೆಂದೂ ಹಚ್ಚಬಾರದು.

ಅದಕ್ಕೆ ಮೊದಲು ಪರೀಕ್ಷೆ ಮಾಡಬೇಕು. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ತೊಳೆದು, ಕಲಸಿದ ಬಣ್ಣ ಒಂದು ಚುಕ್ಕಿ ಹಚ್ಚಿ ಒಣಗಲು ಬಿಡಿ. ಕೆಲವು ಚೀಟಿಯಲ್ಲಿ 24 ಗಂಟೆ ಅಂತ, ಕೆಲವದರಲ್ಲಿ 48 ಗಂಟೆ ಅಂತ ಇರುತ್ತದೆ. ನಾವು ಎರಡು ದಿನ ಕಾಯಿರಿ ಅನ್ನುತ್ತೇವೆ. ಕೆಂಪಾದರೆ, ತುರಿಸಿದರೆ, ಊದಿದರೆ ಆ ಬಣ್ಣ ನಿಮಗೆ ಬೇಡ. ಪ್ರತಿ ಸಲವೂ ಹೀಗೆ ನೋಡಬೇಕು. ಹುಬ್ಬಿಗೆ, ಕಣ್ಣಿನ ರೆಪ್ಪೆಗೆ ಎಂದೂ ಹಚ್ಚಬಾರದು. ಕಣ್ಣೇ ಹೋಗಬಹುದು.

ಗೋರಂಟಿಗೆ ಈ ಭಯ ಕಡಿಮೆ. ಆದರೆ ಶುದ್ಧ ಗೋರಂಟಿ ಕೆಂಪು ಬಣ್ಣ ಕೊಡುತ್ತದೆ, ಕಪ್ಪು ಕೊಡುವುದಿಲ್ಲ. 'ಕಪ್ಪು ಮೆಹಂದಿ' ಅಂತ ಮಾರುವುದರಲ್ಲಿ ಪಿಪಿಡಿ ಸೇರಿಸಿರುವುದು ಉಂಟು.

ಬಣ್ಣದ ಚೀಟಿ ಮಕ್ಕಳ ಕೈಗೆ ಸಿಗಬಾರದು. ಇದು ಹೊಟ್ಟೆಗೆ ಹೋದರೆ ವಿಷ. ಗಂಟಲು ಊದಿ ಉಸಿರು ಕಟ್ಟುತ್ತದೆ. ಆಮೇಲೆ ಮೂತ್ರಪಿಂಡ ಕೆಡುತ್ತದೆ. ಯಾರಾದರೂ ನುಂಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಚೀಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಪರೀಕ್ಷೆ ಮಾಡಿ, ಹುಬ್ಬಿಗೆ ಹಚ್ಚಬೇಡಿ ಎಂಬ ಎಚ್ಚರಿಕೆಯನ್ನು ಚೀಟಿಯ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅಚ್ಚು ಹಾಕಬೇಕು. ಅದು ಕಾನೂನು. ಅಜ್ಜಿ ಹಚ್ಚಿದ ಚೀಟಿಯ ಮೇಲೂ ಅದು ಇತ್ತು. ಸಾಸಿವೆಯಷ್ಟು ಸಣ್ಣ ಅಕ್ಷರ. ಆಗ ಆ ಮನೆಯಲ್ಲಿ ಓದಲು ಬರುವವರು ಯಾರೂ ಅದನ್ನು ನೋಡಲಿಲ್ಲ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅವರು ನಮ್ಮ ಕೇಂದ್ರಕ್ಕೆ ಬಂದು ಸೇರಿದ್ದು ಅದರ ಮರುವರ್ಷ.

ಈ ಪಾಠ ಮಾಡಿದ ದಿನ ಸೊಸೆ ತಂದಿಟ್ಟ ಒಂದು ಹೊಸ ಚೀಟಿಯನ್ನು ಅಜ್ಜಿ ಕೇಂದ್ರಕ್ಕೆ ತಂದಿದ್ದರು. ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದರು. "ಎ... ಚ್ಚ... ರಿಕೆ. ಎಚ್ಚರಿಕೆ. ಮೊ... ದಲು... ಪರೀ... ಕ್ಷಿಸಿ." ನಾವು ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಓದಲು ಹದಿನೈದು ನಿಮಿಷ ಆಯಿತು.

ಮರುದಿನ ಸೊಸೆ ಕಿವಿಯ ಹಿಂದೆ ಕರಿ ಚುಕ್ಕಿ ಇಟ್ಟುಕೊಂಡು ನೀರಿಗೆ ಬಂದಿದ್ದಳು. "ಅತ್ತಿ ಬಿಡಲೇ ಇಲ್ರಿ ಅಕ್ಕೋರ, ನಾಳೆ ಸಂಜೀತನಕ ತಡಿ ಅಂದಾರ" ಅಂದಳು.

ನಿಮ್ಮ ಕೆಲಸ

ನಿಮ್ಮ ಮನೆಯ ಎಣ್ಣೆ ಬಾಟಲಿ, ಶಾಂಪೂ ಚೀಟಿ, ಬಣ್ಣದ ಚೀಟಿ ಕೇಂದ್ರಕ್ಕೆ ತನ್ನಿ. ಅದರಲ್ಲಿ ತಾರೀಖು ಎಲ್ಲಿದೆ? ಮಾಡಿದವರ ವಿಳಾಸ ಎಲ್ಲಿದೆ? ನೋಡಿ ಬರೆಯಿರಿ.

ನಿಮ್ಮ ಜಡೆ ಅಳೆಯಿರಿ. ತುದಿಗೆ ಎಷ್ಟು ವರ್ಷ?